ಪಾತ್ರದ ದುಡ್ಡು, ಷೇರಿನ ದುಡ್ಡು

ದುರ್ಯೋಧನ 350, ಕೃಷ್ಣ 350, ಭೀಮ 250, ಶಕುನಿ 200, ದೂತ 40. ಇದು ನಮ್ಮಪ್ಪನ ಲೆಕ್ಕದ ಪುಸ್ತಕದ ಒಂದು ಪುಟ. ಅಪ್ಪ ಹಾರ್ಮೋನಿಯಂ ಮೇಷ್ಟ್ರು. ಪಾಳ್ಯ, ಕೆಂಚಮ್ಮನ ಹೊಸಕೋಟೆ, ಬಾಳ್ಳುಪೇಟೆ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದರು. ಹೊರಗಿನವರು ಈ ಪುಟ ನೋಡಿದರೆ ನಟರಿಗೆ ಕೊಟ್ಟ ಸಂಭಾವನೆಯ ಪಟ್ಟಿ ಅಂದುಕೊಳ್ಳುತ್ತಾರೆ. ಅಲ್ಲ, ಇದು ನಟರೇ ಕಟ್ಟಿದ ದುಡ್ಡು. ನಮ್ಮ ಹಾಸನದ ಕಡೆ ಊರ ನಾಟಕದಲ್ಲಿ ಪಾತ್ರ ಬೇಕಾದವನು ಹಣ ಕೊಟ್ಟು ತಗೋಬೇಕು. ಹಾಡು ಹೆಚ್ಚಿದ್ದಷ್ಟೂ ರೇಟು ಹೆಚ್ಚು. ಈ ಪದ್ಧತಿ ಇವತ್ತಿಗೂ ನಿಂತಿಲ್ಲ, ರೇಟು ಮಾತ್ರ ಸಾವಿರಗಳ ಲೆಕ್ಕಕ್ಕೆ ಏರಿದೆ.

ಹೀಗೆ ಕೂಡಿದ ದುಡ್ಡಲ್ಲೇ ಎಲ್ಲ ಆಗಬೇಕು. ಸೀನರಿ ಬಾಡಿಗೆ, ಡ್ರೆಸ್ಸು, ಮೈಕ್ ಸೆಟ್ಟು, ತಬಲದವನು, ದ್ರೌಪದಿ-ರುಕ್ಮಿಣಿ ಪಾತ್ರಕ್ಕೆ ಪೇಟೆಯಿಂದ ಬರುವ ಕಲಾವಿದೆಯರು, ಅವರ ಬಸ್ ಚಾರ್ಜು. ಉಳಿದರೆ ಮೇಷ್ಟ್ರಿಗೆ. ಹಣ ಹಾಕಿದವನಿಗೆ ಸಿಗುವುದು ಒಂದು ರಾತ್ರಿಯ ಕಿರೀಟ, ಜೊತೆಗೆ ನೆಂಟರು ಸ್ಟೇಜ್ ಹತ್ತಿ ಹಾಕುವ ಹಾರ. ಲಾಭಾಂಶದ ಮಾತೇ ಇಲ್ಲ. ನಾನು ಮೂವತ್ತು ವರ್ಷದಿಂದ ಸಣ್ಣ ವ್ಯಾಪಾರಿಗಳ, ತೋಟದವರ ಲೆಕ್ಕ ಬರೆಯುವವಳು. ಬಂಡವಾಳ ಎತ್ತುವ ಇಷ್ಟು ಅಚ್ಚುಕಟ್ಟಾದ ಉಪಾಯವನ್ನು ಬೇರೆಲ್ಲೂ ಕಂಡಿಲ್ಲ.

ಆದರೆ ನಷ್ಟ ಯಾರದು? ಒಂದು ವರ್ಷ ಮೇ ಕೊನೆಯಲ್ಲಿ, ನಾಟಕ ಅರ್ಧ ಆಗಿರುವಾಗ, ಮಳೆ ಹೊಡೆದು ಬಾಡಿಗೆ ಸೀನರಿಯೆಲ್ಲ ನೆಂದು ಬಣ್ಣ ಇಳಿಯಿತು. ಅರಮನೆಯ ಪರದೆ ಕಾಡಿನ ಪರದೆಗೆ ಅಂಟಿಕೊಂಡಿತ್ತು. ಸೀನರಿ ಮಾಲೀಕರು ನಷ್ಟ ಕೇಳಿಕೊಂಡು ನೇರ ನಮ್ಮ ಮನೆಗೆ ಬಂದರು. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ನಾಟಕ ಮಂಡಳಿಯ ಹೆಸರಿತ್ತು. ಒಪ್ಪಂದದ ಚೀಟಿಯಲ್ಲಿ ಇದ್ದದ್ದು ಅಪ್ಪನ ಸಹಿ. ರಿಜಿಸ್ಟರ್ ಆಗದ ಮಂಡಳಿಯ ಮೇಲೆ ಸಾಲ ಹೊರಿಸಲು ಬರುವುದಿಲ್ಲ, ಸಹಿ ಹಾಕಿದವನೇ ಕೊಡಬೇಕು. ದುರ್ಯೋಧನನಾಗಲಿ ಕೃಷ್ಣನಾಗಲಿ ಆ ಕಡೆ ತಲೆ ಹಾಕಲಿಲ್ಲ. ಅಮ್ಮನ ಅವಲಕ್ಕಿ ಸರ ಅಡವಿಗೆ ಹೋಯಿತು, ವಾಪಸು ಬರಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ಕನ್ನಡದಲ್ಲಿ ಕಲೆಯ ಉದ್ಯಮ ಬೆಳೆದದ್ದೇ ಹೀಗೆ, ಒಬ್ಬ ಮಾಲೀಕನ ಹೆಸರು ಮತ್ತು ಅವನ ಎದೆಗಾರಿಕೆಯ ಮೇಲೆ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಪಾತ್ರ ಮಾಡಲು ಬಂದ ಹುಡುಗ ವೀರಣ್ಣ 1917ರ ಹೊತ್ತಿಗೆ ಅದರ ಯಜಮಾನರಾದರು. 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಕಂಪನಿ ಎಂದರೆ ಅವರೇ. ನೂರಾರು ಜನರ ಊಟ, ಸಂಬಳ, ಕ್ಯಾಂಪಿನ ಸಾಗಾಟ ಎಲ್ಲ ಆ ಒಂದು ತಲೆಯ ಮೇಲೆ. ಅದೇ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ ಎಂಬ ವರ್ತಕರು. ಖರ್ಚು ಸುಮಾರು 40,000 ರೂಪಾಯಿ. ಕಲಾವಿದರು ನಮ್ಮವರು, ಚಿತ್ರೀಕರಣ ಕೊಲ್ಹಾಪುರದಲ್ಲಿ, ಗಂಟು ವ್ಯಾಪಾರಿಯದು.

ಷೇರು ಅಂದರೇನೆಂದು ನಮ್ಮ ಜನಕ್ಕೆ ಆಗ ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ಮಂಡ್ಯದಲ್ಲಿ 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಗೆ ಕಬ್ಬಿನ ರೈತರೂ ಷೇರು ಹಾಕಿದ್ದರು. ನಷ್ಟವಾದರೆ ಹಾಕಿದ ಹಣವಷ್ಟೇ ಹೋಗಬೇಕು, ಹೊಲಮನೆ ಹೋಗಬಾರದು ಎಂಬ ನಿಯಮ ಬ್ರಿಟಿಷ್ ಇಂಡಿಯಾಕ್ಕೆ 1857ರಲ್ಲೇ ಬಂದಿತ್ತು. ಸಾರ್ವಜನಿಕರಿಂದ ಷೇರು ಎತ್ತದೆ ಇಬ್ಬರೇ ಸೇರಿ ಕಟ್ಟಬಹುದಾದ ಪ್ರೈವೇಟ್ ಕಂಪನಿಗೆ 1913ರ ಕಾಯ್ದೆ ದಾರಿ ಮಾಡಿತು. ಮೈಸೂರು ಸಂಸ್ಥಾನಕ್ಕೂ ತನ್ನದೇ ಕಂಪನಿ ಕಾಯ್ದೆ ಇತ್ತು. ನಮ್ಮ ಸೀಮೆಯಲ್ಲೇ ನೋಡಿ. ಮಂಜರಾಬಾದಿಗೆ 1843ರಲ್ಲಿ ಬಂದ ಫ್ರೆಡರಿಕ್ ಗ್ರೀನ್, 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ತಮ್ಮ ಸ್ವಂತ ಧೈರ್ಯದ ಮೇಲೆ ಕಾಫಿ ತೋಟ ಮಾಡಿದವರು. ಕಾಂಡ ಕೊರೆಯುವ ಹುಳು ತೋಟಕ್ಕೆ ತೋಟವನ್ನೇ ತಿಂದಾಗ ಅಂಥ ಪ್ಲಾಂಟರುಗಳ ಪಾಡು ಏನಾಗುತ್ತಿತ್ತು ಎಂಬುದು ಎಲಿಯಟ್ಟರ ಪುಸ್ತಕದಲ್ಲೇ ಇದೆ. ಕಾಫಿಯವರು ಬೇಗ ಪಾಠ ಕಲಿತರು, ಲಿಮಿಟೆಡ್ ಕಂಪನಿಗಳನ್ನು ಕಟ್ಟಿಕೊಂಡರು. ನಾಟಕದವರು ಕಲಿಯಲಿಲ್ಲ. ಕಲೆಗೆ ಲೆಕ್ಕ ಕೇಳುವುದು ಅವಮಾನ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿತ್ತು, ಈಗಲೂ ಇದೆ. ನನ್ನ ಮಟ್ಟಿಗೆ ಅದು ಶುದ್ಧ ಸೋಮಾರಿತನ.

ಕಲಾವಿದರೇ ಸೇರಿ ಬಂಡವಾಳ ಹೂಡಿದ ಉದಾಹರಣೆ ಇಲ್ಲದಿಲ್ಲ. ಮದರಾಸಿನಲ್ಲಿ ಕನ್ನಡ ಚಿತ್ರಗಳಿಗೆ ಬರ ಬಂದು ಕೈಯಲ್ಲಿ ಕೆಲಸವಿಲ್ಲದಾಗ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ 'ಬೇಡರ ಕಣ್ಣಪ್ಪ' ನಾಟಕ ಆಡಿದರು. 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಚಿತ್ರ ಗೆದ್ದಿತು. ಸೋತಿದ್ದರೆ ನಾಲ್ಕು ಮನೆಗಳ ಒಲೆ ಆರುತ್ತಿತ್ತು, ಅದನ್ನು ಯಾರೂ ಹೇಳುವುದಿಲ್ಲ. ಆ ನಾಲ್ವರಲ್ಲಿ ಬಾಲಕೃಷ್ಣ ನಮ್ಮ ಜಿಲ್ಲೆಯವರು, ಅರಸೀಕೆರೆಯವರು. ಕಿವಿ ಕೇಳದಿದ್ದರೂ ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ ನಟ. ಕನ್ನಡಕ್ಕೊಂದು ಸ್ಟುಡಿಯೋ ಬೇಕೆಂದು ಕೆಂಗೇರಿ ಹತ್ತಿರ ಸರ್ಕಾರ ಕೊಟ್ಟ 20 ಎಕರೆಯಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟು ಜೀವ ಸವೆಸಿದರು. 1995ರಲ್ಲಿ ಅವರು ತೀರಿಕೊಂಡ ಮೇಲೂ ಆ ಜಾಗದ ವ್ಯಾಜ್ಯ ತೀರಲಿಲ್ಲ. 1966ರಲ್ಲಿ ಲಿಮಿಟೆಡ್ ಕಂಪನಿಯಾಗಿ ಹುಟ್ಟಿದ ಕಂಠೀರವ ಸ್ಟುಡಿಯೋ ಮಾತ್ರ ಸರ್ಕಾರದ ಕಂಪನಿಯಾಗಿ ಇನ್ನೂ ಇದೆ. ಪುಸ್ತಕದ ಲೋಕದಲ್ಲಿ ನವಕರ್ನಾಟಕ 1960ರಿಂದ ಪ್ರೈವೇಟ್ ಲಿಮಿಟೆಡ್ ಆಗಿಯೇ ನಡೆಯುತ್ತಿದೆ. ಕಟ್ಟಿದವರು ಹೋದ ಮೇಲೂ ಸಂಸ್ಥೆ ಉಳಿಯಬೇಕಾದರೆ ಅದಕ್ಕೆ ಮನುಷ್ಯನ ಹೆಸರಿನ ಹೊರಗೆ ಒಂದು ಇರವು ಬೇಕು.

2013ರಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' ಚಿತ್ರ ಪ್ರೇಕ್ಷಕರ ದುಡ್ಡಿನಿಂದಲೇ ಬಂದಾಗ ನಮ್ಮ ಕಡೆಯ ಹುಡುಗರ ತಲೆಯಲ್ಲಿ ಹುಳ ಹೊಕ್ಕಿತು. ನನ್ನ ಚಿಕ್ಕಮ್ಮನ ಮಗ ಮತ್ತವನ ಗೆಳೆಯ, ತೋಟಕ್ಕೆ ನುಗ್ಗುವ ಆನೆಗಳ ಬಗ್ಗೆ ಕಿರುಚಿತ್ರ ತೆಗೆದಿದ್ದವರು, ಕೆಲವು ವರ್ಷ ಕಳೆದು ಬಂದು ಕೂತರು. "ಅಕ್ಕಾ, ನಮ್ಗೂ ಒಂದು ಪ್ರೈವೇಟ್ ಲಿಮಿಟೆಡ್ ಮಾಡ್ಕೊಡಿ." ಒಂದು ಲಕ್ಷ ಬಂಡವಾಳ, ಇಬ್ಬರೂ ಡೈರೆಕ್ಟರು. ಕಾನೂನಿನ ಪ್ರಕಾರ ಅಷ್ಟೂ ಬೇಕಿಲ್ಲ. 2015ರಿಂದ ಕನಿಷ್ಠ ಬಂಡವಾಳದ ಷರತ್ತು ಇಲ್ಲ. 2013ರ ಕಾಯ್ದೆಯಲ್ಲಿ ಒಬ್ಬನೇ ಇರುವ ಕಂಪನಿಗೂ ಅವಕಾಶವಿದೆ. ಹೇಮಾವತಿ ನದಿಯ ಹೆಸರಿಡೋಣ ಅಂದರು, ಅದನ್ನು ಯಾರೋ ಆಗಲೇ ಹಿಡಿದಿದ್ದರು. ಕಂಪನಿ ನೋಂದಣಿಯ ಸ್ಪೈಸ್ ಪ್ಲಸ್ ಫಾರಂ ಆನ್‌ಲೈನಿನಲ್ಲೇ ತುಂಬುವುದು, ಬೆಂಗಳೂರಿಗೆ ಅಲೆಯುವ ಕೆಲಸವಿಲ್ಲ.

ಗಾಡಿ ಸಿಕ್ಕಿಹಾಕಿಕೊಂಡದ್ದು ಕರೆಂಟ್ ಬಿಲ್ಲಿನಲ್ಲಿ. ಕಂಪನಿಯ ವಿಳಾಸಕ್ಕೆ ಎರಡು ತಿಂಗಳೊಳಗಿನ ಬಿಲ್ಲು, ಮನೆಯ ಮಾಲೀಕರ ಒಪ್ಪಿಗೆ ಪತ್ರ ಬೇಕು. ಚಿಕ್ಕಮ್ಮನ ಮಗನ ಮನೆಯ ಮೀಟರು ಇನ್ನೂ ತಾತನ ಹೆಸರಲ್ಲಿತ್ತು. ತಾತ ಹೋಗಿ ಹನ್ನೆರಡು ವರ್ಷವಾಗಿತ್ತು, ಪೌತಿ ಖಾತೆ ಆಗಿರಲಿಲ್ಲ. ಮಲೆನಾಡಿನಲ್ಲಿ ಹೊಸ ಉದ್ಯಮ ತಡವಾಗುವುದು ಬಂಡವಾಳವಿಲ್ಲದೆ ಅಲ್ಲ, ಸತ್ತವರ ಹೆಸರಿನ ಖಾತೆಗಳಿಂದ. ಕೊನೆಗೆ ಗೆಳೆಯನ ಮನೆಯ ವಿಳಾಸ ಕೊಟ್ಟೆವು.

ಇಬ್ಬರೂ ಅರ್ಧರ್ಧ ಷೇರು ಅಂದರು. ಜಗಳವಾದರೆ ಯಾರ ಮಾತೂ ನಡೆಯಲ್ಲ, ಅದನ್ನು ಬಿಡಿಸುವುದು ಹೇಗೆಂದು ಕಂಪನಿಯ ನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲೇ ಬರೆಯಿರಿ ಎಂದೆ. ಅದಕ್ಕಿಂತ ಮುಖ್ಯ ಇನ್ನೊಂದಿತ್ತು. ಚಿತ್ರಕಥೆ ಬರೆದವನು ಚಿಕ್ಕಮ್ಮನ ಮಗ. ಕಂಪನಿ ಹುಟ್ಟಿದ ಮಾತ್ರಕ್ಕೆ ಅದು ಕಂಪನಿಯದಾಗುವುದಿಲ್ಲ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ ಆಗಬೇಕು. ಅವಧಿ ಬರೆಯದಿದ್ದರೆ ಕಾಪಿರೈಟ್ ಕಾಯ್ದೆ ಅದನ್ನು ಐದೇ ವರ್ಷ ಎಂದು ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ ಎಂದು. "ನಾವಿಬ್ರು ಫ್ರೆಂಡ್ಸ್ ಅಲ್ವಾಕ್ಕಾ" ಅಂದ ಹುಡುಗ. ಅದಕ್ಕೇ ಈಗಲೇ ಬರಿ ಅಂದೆ.

ಹುಟ್ಟಿಸಿದರೆ ಸಾಲದು, ಸಾಕಬೇಕು. ಮೊದಲ ತಿಂಗಳಲ್ಲಿ ಆಡಿಟರ್ ನೇಮಕ, ವರ್ಷವರ್ಷ ಲೆಕ್ಕಪತ್ರ, ವಾರ್ಷಿಕ ವರದಿ. ತಡವಾದರೆ ಲೆಕ್ಕಪತ್ರ, ವಾರ್ಷಿಕ ವರದಿಯ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ದಂಡ. ಊರ ಹಬ್ಬಕ್ಕೆ ಒಂದು ರಾತ್ರಿ ನಾಟಕ ಆಡುವವರಿಗೆ ಕಂಪನಿ ಬೇಡವೇ ಬೇಡ. ಸಂಘ ರಿಜಿಸ್ಟರ್ ಮಾಡಿಸಿದರೆ ಸಾಕು. ಸಾಲ ತೆಗೆದು, ನಾಲ್ಕು ಜನರಿಗೆ ಸಂಬಳ ಕೊಟ್ಟು, ಮಾಡಿದ್ದನ್ನು ವರ್ಷಾನುಗಟ್ಟಲೆ ಮಾರುವವರಿಗೆ ಮಾತ್ರ ಅದು.

ಅಂಥವರಿಗೆ ನನ್ನದೊಂದೇ ಮಾತು. ಕಂಪನಿ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಡೈರೆಕ್ಟರುಗಳ ಸ್ವಂತ ಜಾಮೀನು ಕೇಳುತ್ತಾರೆ. ಅಲ್ಲಿ ಸಹಿ ಹಾಕಿದಿರೋ, ಆ ಸಾಲದ ಮಟ್ಟಿಗೆ ನಿಮ್ಮ ಲಿಮಿಟೆಡ್ ಎಂಬುದು ಬೋರ್ಡಿನ ಮೇಲಷ್ಟೇ ಉಳಿಯುತ್ತದೆ. ಆ ಕಾಗದಕ್ಕೆ ತೋಟದ ಪಹಣಿ ಜೋಡಿಸಬೇಡಿ. ಬ್ಯಾಂಕು ಕೊಡದಿದ್ದರೆ ಇನ್ನೂ ಚಿಕ್ಕ ಚಿತ್ರ ತೆಗೆಯಿರಿ.