ಹಳೆಯ ನಾಣ್ಯಗಳಲ್ಲಿ ಅಚ್ಚಿನ ಸವಕಳಿ ಮತ್ತು ದೋಷಗಳು

ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ (1782–1799) ಶ್ರೀರಂಗಪಟ್ಟಣ, ನಗರ ಮೊದಲಾದ ಟಂಕಸಾಲೆಗಳಲ್ಲಿ ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯಗಳು ತಯಾರಾಗುತ್ತಿದ್ದವು. ಕೈಯಿಂದ ಕೆತ್ತಿದ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿರಿಸಿ ಸುತ್ತಿಗೆಯಿಂದ ಬಡಿಯಲಾಗುತ್ತಿತ್ತು. ಸತತ ಪೆಟ್ಟಿನಿಂದ ಅಚ್ಚು ಸವೆದು ಬಿರುಕು ಬಿಟ್ಟಾಗ, ಆ ದೋಷವು ನಾಣ್ಯದ ಮೇಲೂ ಮೂಡುತ್ತಿತ್ತು.

ಗುರುತಿಸುವ ಕ್ರಮ

1. ಅಚ್ಚಿನ ಬಿರುಕು: ಬಿರುಕಿನೊಳಗೆ ಲೋಹವು ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬುಗೆರೆ ಉಂಟಾಗುತ್ತದೆ.
2. ಗೀರು: ಮುದ್ರಣದ ನಂತರ ಬಿದ್ದ ಗೀರು ತಗ್ಗಾಗಿರುತ್ತದೆ. ಇದು ಅಚ್ಚಿನ ದೋಷವಲ್ಲ.
3. ಚಲಾವಣೆಯ ಸವಕಳಿ: ಚಿತ್ರದ ಎತ್ತರದ ಭಾಗಗಳು ಮೊದಲು ನುಣುಪಾಗುತ್ತವೆ.
4. ಅಚ್ಚಿನ ಸವಕಳಿ: ಅದೇ ಅಚ್ಚಿನ ಇತರ ನಾಣ್ಯಗಳಲ್ಲಿಯೂ ಅದೇ ಸ್ಥಳದಲ್ಲಿ ಮಸುಕು ಕಂಡುಬರುತ್ತದೆ.

ಸಂಗ್ರಾಹಕರ ಆಸಕ್ತಿ

ಒಂದೇ ಅಚ್ಚಿನ ನಾಣ್ಯಗಳಲ್ಲಿ ಚಿಕ್ಕ ಬಿರುಕುಳ್ಳದ್ದು ಮೊದಲು, ಬೆಳೆದ ಬಿರುಕುಳ್ಳದ್ದು ನಂತರ ಮುದ್ರಿತವಾದುದೆಂದು ತಿಳಿಯಬಹುದು. ಹೀಗೆ ದೋಷವೇ ಟಂಕಸಾಲೆಯ ಕಾರ್ಯಕ್ರಮಕ್ಕೆ ಸಾಕ್ಷಿಯಾಗುತ್ತದೆ. ಆದರೆ ದೋಷವಿದ್ದ ಮಾತ್ರಕ್ಕೆ ನಾಣ್ಯದ ಬೆಲೆ ಹೆಚ್ಚುವುದಿಲ್ಲ.

ಸಾರ್ವಜನಿಕರ ಗಮನಕ್ಕೆ

• ನಾಣ್ಯಗಳನ್ನು ಹುಣಸೆಹಣ್ಣು, ಆಮ್ಲ ಅಥವಾ ಮರಳಿನಿಂದ ಉಜ್ಜಬಾರದು. ಉಬ್ಬುಗೆರೆ ಅಳಿದರೆ ಪುರಾವೆಯೂ ಅಳಿಯುತ್ತದೆ.
• ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು 1972ರ ಪುರಾವಸ್ತುಗಳ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಖಾಸಗಿ ವ್ಯಕ್ತಿಗಳು ಇವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.
• ಭೂಮಿಯಲ್ಲಿ ಹುದುಗಿದ್ದ ಹಳೆಯ ನಾಣ್ಯಗಳು ದೊರೆತಲ್ಲಿ, ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸತಕ್ಕದ್ದು.