ಬೋರ್ಡಿಂಗಿನ ಬಾಗಿಲಲ್ಲಿ ನಿಂತ ಹುಡುಗ

ಪುಣೆಯಿಂದ ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರದ) ರಸ್ತೆ ಹಿಡಿದು ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿಯ ಊರು. ಈಗ ಅಲ್ಲೊಂದು ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ನೂರಿಪ್ಪತ್ತು ವರ್ಷಗಳ ಹಿಂದೆ ಇಂಥ ಊರಿನ ರೈತನ ಮಗನೊಬ್ಬ ಹೈಸ್ಕೂಲು ಓದಬೇಕೆಂದರೆ ಶಾಲೆಯ ಫೀಸಿಗಿಂತ ದೊಡ್ಡ ಚಿಂತೆಗಳು ಬೇರೆ ಇದ್ದವು. ಪಟ್ಟಣದಲ್ಲಿ ಅವನು ಮಲಗುವುದೆಲ್ಲಿ? ಅನ್ನ ಹಾಕುವವರು ಯಾರು? ಜ್ವರ ಬಂದರೆ ನೋಡಿಕೊಳ್ಳುವವರು ಯಾರು?

ಬ್ರಾಹ್ಮಣ ಹುಡುಗರಿಗೆ ಒಂದು ದಾರಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಮಾಡಿಕೊಂಡು ಓದುವುದು ಪುಣೆಯಲ್ಲೂ ಇತ್ತು, ಧಾರವಾಡ ಮೈಸೂರುಗಳಲ್ಲೂ ಇತ್ತು. ಅದು ಸುಖದ ಬದುಕೇನಲ್ಲ, ಆದರೂ ಓದು ಮುಗಿಯುತ್ತಿತ್ತು. ಒಕ್ಕಲಿನ ಮನೆಯ ಮರಾಠ, ಲಿಂಗಾಯತ, ಜೈನ ಹುಡುಗರಿಗೆ ಪಟ್ಟಣದಲ್ಲಿ ಹಾಗೆ ಕರೆದು ಉಣ್ಣಿಸುವ ಮನೆಗಳು ಕಡಿಮೆ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಂತೂ ಬಾಡಿಗೆಯ ಕೋಣೆಯೂ ಸಿಗುತ್ತಿರಲಿಲ್ಲ. ಶಾಲೆಯ ಬಾಗಿಲು ತೆರೆದಿದ್ದರೂ ಊಟದ ಮನೆಯ ಬಾಗಿಲು ಮುಚ್ಚಿದ್ದರಿಂದಲೇ ಎಷ್ಟೋ ಮಕ್ಕಳ ಓದು ನಿಂತಿತು.

ಇದನ್ನು ಸರಿಯಾಗಿ ಗುರುತಿಸಿದವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಮೊದಲಿಗರು. 1894ರಲ್ಲಿ ಅಧಿಕಾರ ವಹಿಸಿಕೊಂಡ ಅವರು 1896ರಲ್ಲಿ ಎಲ್ಲ ಜಾತಿಯವರಿಗೂ ಒಂದೇ ವಸತಿನಿಲಯ ತೆರೆದರು. ಅಲ್ಲಿ ತುಂಬಿಕೊಂಡವರು ಹೆಚ್ಚಾಗಿ ಬ್ರಾಹ್ಮಣ ಹುಡುಗರೇ. ಆಗ ಮಹಾರಾಜರು ದಾರಿ ಬದಲಿಸಿದರು. ಆಯಾ ಸಮುದಾಯದ ಹಿರಿಯರೇ ಮುಂದೆ ಬಂದು ತಮ್ಮ ಮಕ್ಕಳಿಗಾಗಿ ಬೋರ್ಡಿಂಗ್ ನಡೆಸಲಿ, ಸಂಸ್ಥಾನ ಜಾಗ ಮತ್ತು ಹಣ ಕೊಡುತ್ತದೆ ಎಂಬ ಏರ್ಪಾಡು ಅದು. 1901ರಲ್ಲಿ ಮರಾಠರ ಬೋರ್ಡಿಂಗ್, ಅದೇ ವರ್ಷ ದಿಗಂಬರ ಜೈನರದು, ಮುಂದೆ ಮುಸ್ಲಿಮರದು, ಲಿಂಗಾಯತರದು, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಹೀಗೆ ಒಂದೊಂದಾಗಿ ಎದ್ದವು. ಈಗ ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗದಂಥ ಕನ್ನಡದ ಊರುಗಳೂ ಆಗ ಕೊಲ್ಹಾಪುರ ಸಂಸ್ಥಾನದಲ್ಲೇ ಇದ್ದವು.

ಈ ಏರ್ಪಾಡಿನಿಂದ ಹಳ್ಳಿಯ ಮನೆಗಳಿಗೆ ಧೈರ್ಯ ಬಂತು. ಮಗ ನಮ್ಮವರ ನಡುವೆಯೇ ಇರುತ್ತಾನೆ, ನಮ್ಮ ಊಟ ಉಣ್ಣುತ್ತಾನೆ, ನಮ್ಮ ಆಚಾರ ಬಿಡುವುದಿಲ್ಲ ಎಂಬ ನಂಬಿಕೆಯಿಲ್ಲದೆ ಹಲವು ತಾಯಂದಿರು ಮಗನನ್ನು ಕಳಿಸುತ್ತಲೇ ಇರಲಿಲ್ಲ. ಆದರೆ ಆ ನಂಬಿಕೆಯನ್ನು ಉಳಿಸುವ ಹೊಣೆ ಮೇಲ್ವಿಚಾರಕರ ಹೆಗಲೇರಿತು. ಹುಡುಗ ಓದುತ್ತಾನೋ ಇಲ್ಲವೋ, ಹೊತ್ತಿಗೆ ಮಲಗುತ್ತಾನೋ ಇಲ್ಲವೋ ಎಂದು ನೋಡುವುದರ ಜೊತೆಗೆ ಅವನು ಯಾರನ್ನು ಮುಟ್ಟಿ ಬಂದ ಎಂದು ನೋಡುವುದೂ ಅವರ ಕೆಲಸವಾಯಿತು.

1908ರಲ್ಲಿ ಜೈನ ಬೋರ್ಡಿಂಗಿನಲ್ಲಿ ಇದೇ ಪ್ರಶ್ನೆ ಎದ್ದುನಿಂತಿತು. ಅಲ್ಲಿದ್ದ ಭಾವೂರಾವ್ ಪಾಟೀಲ ಎಂಬ ವಿದ್ಯಾರ್ಥಿ ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದವನು. ಅವನ ಪೂರ್ವಿಕರು ದಕ್ಷಿಣ ಕನ್ನಡದ ಮೂಡುಬಿದಿರೆಯಿಂದ ಬಂದವರೆಂದು ಜೀವನಚರಿತ್ರೆಗಳು ಹೇಳುತ್ತವೆ. ವಯಸ್ಸು ಇಪ್ಪತ್ತರ ಆಸುಪಾಸು, ಓದು ಇನ್ನೂ ಹೈಸ್ಕೂಲಿನಲ್ಲೇ. ಆ ಕಾಲಕ್ಕೆ ಅದು ಅಪರೂಪವಲ್ಲ. ಬಂದವನಿಗೆ ಸ್ನಾನ ಮಾಡಿ ಮೈಲಿಗೆ ಕಳೆದುಕೊಂಡು ಒಳಗೆ ಬರುವಂತೆ ಹೇಳಲಾಯಿತು. ಅವನು ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು. ಆಶ್ರಯ ಕೊಟ್ಟವರು ಶಾಹು ಮಹಾರಾಜರೇ.

ಒಂದು ಕೊಡ ನೀರಿನ ವಿಷಯ ಅದು. ಸುರಿದುಕೊಂಡಿದ್ದರೆ ಊಟ, ಹಾಸಿಗೆ, ಓದು ಎಲ್ಲವೂ ಉಳಿಯುತ್ತಿತ್ತು. ಮೇಲ್ವಿಚಾರಕರ ಕಡೆಯಿಂದ ನೋಡಿದರೆ ಅವರು ಕೇಳಿದ್ದು ನಿಲಯದ ನಿಯಮವನ್ನೇ. ಸಡಿಲ ಬಿಟ್ಟಿದ್ದರೆ ಎಷ್ಟೋ ತಂದೆತಾಯಿಗಳು ಮಕ್ಕಳನ್ನು ಮನೆಗೆ ಕರೆಸಿಕೊಳ್ಳುತ್ತಿದ್ದರು. ಹುಡುಗನ ಕಡೆಯಿಂದ ನೋಡಿದರೆ ಸ್ನಾನ ಮಾಡುವುದೆಂದರೆ ಇನ್ನೊಂದು ಬೋರ್ಡಿಂಗಿನ ಹುಡುಗರು ಹೊಲೆ ಎಂದು ತನ್ನ ಮೈಯಿಂದಲೇ ಒಪ್ಪಿಕೊಂಡಂತೆ. ಬೋರ್ಡಿಂಗ್ ಇರುವುದು ಮನೆಯ ಆಚಾರವನ್ನು ಕಾಯುವುದಕ್ಕೋ, ಹುಡುಗನನ್ನು ಮನೆಗಿಂತ ದೊಡ್ಡ ಲೋಕಕ್ಕೆ ಸಿದ್ಧಮಾಡುವುದಕ್ಕೋ ಎಂಬ ಪ್ರಶ್ನೆ ಆ ಬಾಗಿಲಲ್ಲಿತ್ತು.

ಭಾವೂರಾವ್ ಉತ್ತರ ಕೊಟ್ಟಿದ್ದು ಭಾಷಣದಿಂದಲ್ಲ, ತಾನೇ ಬೋರ್ಡಿಂಗ್ ನಡೆಸಿ. ಓದು ಅರ್ಧಕ್ಕೆ ನಿಂತ ಮೇಲೆ ಅವರು ಬದುಕಿಗಾಗಿ ಕಿರ್ಲೋಸ್ಕರ್ ನೇಗಿಲು ಮಾರಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಆಗ ಒಕ್ಕಲಿಗರಿಗೆ ಹೊಸದು. ಅದನ್ನು ಮಾರಲು ಹಳ್ಳಿ ಹಳ್ಳಿ ತಿರುಗುವಾಗ, ಓದಬಲ್ಲ ಮಕ್ಕಳು ದನ ಕಾಯುತ್ತಿರುವುದು ಕಣ್ಣಿಗೆ ಬೀಳುತ್ತಿತ್ತು. 1919ರ ಅಕ್ಟೋಬರ್ 4ರಂದು ಕರಾಡದ ಹತ್ತಿರದ ಕಾಲೆ ಗ್ರಾಮದಲ್ಲಿ ‘ರಯತ ಶಿಕ್ಷಣ ಸಂಸ್ಥೆ’ ಹುಟ್ಟಿತು. 1924ರಲ್ಲಿ ಅದು ಸಾತಾರಕ್ಕೆ ಬಂದು, ಅಲ್ಲೊಂದು ಬೋರ್ಡಿಂಗ್ ನಡೆಸತೊಡಗಿತು.

ಸಾತಾರದ ಬೋರ್ಡಿಂಗಿನ ನಿಯಮ ಕೊಲ್ಹಾಪುರದ್ದಕ್ಕೆ ತಿರುಗುಮುರುಗು. ಮರಾಠ, ಮಹಾರ, ಮಾಂಗ, ಜೈನ, ಮುಸ್ಲಿಮ್ ಮಕ್ಕಳು ಒಂದೇ ಸೂರಿನಡಿ ಮಲಗಬೇಕು, ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ದುಡಿಮೆಯಲ್ಲಿ ಎಲ್ಲರಿಗೂ ಪಾಲು. ಜಾತಿ ಕಾಯುವ ನಿಯಮ ಹೋಯಿತೇ ವಿನಾ ಶಿಸ್ತು ಹೋಗಲಿಲ್ಲ. 1927ರಲ್ಲಿ ಗಾಂಧೀಜಿ ಬಂದು ನೋಡಿದರು. ಬೋರ್ಡಿಂಗಿಗೆ ‘ಛತ್ರಪತಿ ಶಾಹು’ ಹೆಸರು ಇಟ್ಟಿದ್ದು ಅವರ ಕೈಯಿಂದಲೇ.

ಆ ಮನೆಯ ದಿನನಿತ್ಯದ ಭಾರ ಹೊತ್ತವರು ಭಾವೂರಾವರ ಹೆಂಡತಿ ಲಕ್ಷ್ಮೀಬಾಯಿ. ಹುಡುಗರಿಗೆ ಭಾವೂರಾವ್ ‘ಅಣ್ಣಾ’, ಲಕ್ಷ್ಮೀಬಾಯಿ ‘ವಹಿನಿ’, ಅಂದರೆ ಅತ್ತಿಗೆ. ಸಂಪ್ರದಾಯಸ್ಥ ಜೈನ ಮನೆತನದಲ್ಲಿ ಬೆಳೆದ ಹೆಣ್ಣುಮಗಳು ಎಲ್ಲ ಜಾತಿಯ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದರು. ಧಾನ್ಯ ಮುಗಿದಾಗ ಮೈಮೇಲಿನ ಒಡವೆಗಳು ಒಂದೊಂದಾಗಿ ಹೋದವು. ಕೊನೆಗೆ ಮಂಗಳಸೂತ್ರವನ್ನೂ ಹುಡುಗರ ಊಟಕ್ಕಾಗಿ ಬಿಚ್ಚಿಕೊಟ್ಟರು. 1930ರಲ್ಲಿ ತೀರಿಕೊಂಡರು. ಸಂಸ್ಥೆಯ ಚರಿತ್ರೆಯಲ್ಲಿ ಭಾವೂರಾವರ ಹೆಸರು ದೊಡ್ಡದು, ಆದರೆ ಹದಿಹರೆಯದ ಹತ್ತಾರು ಹುಡುಗರು ದಿನವೂ ಹೊಟ್ಟೆತುಂಬ ಉಂಡು ಮಲಗಿದ್ದು ಈ ಅತ್ತಿಗೆಯ ದೆಸೆಯಿಂದ.

ಕೃಷ್ಣಾ ನದಿಯ ಈಚೆಗೂ ಅದೇ ಕಾಲದಲ್ಲಿ ಅದೇ ಕೆಲಸ ನಡೆದಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆಯ ಜೊತೆಗೆ ವಸತಿಯನ್ನೂ ಒದಗಿಸಿದ್ದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. ಅಂಬೇಡ್ಕರರ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ವಿದ್ಯಾರ್ಥಿನಿಲಯ ತೆರೆದದ್ದು ಕನ್ನಡಿಗರೂ ತುಂಬಿದ್ದ ಸೋಲಾಪುರದಲ್ಲಿ. ಮುಂದೆ ಅವರ ಪ್ರಯತ್ನದಿಂದ ಧಾರವಾಡದಲ್ಲೂ ಒಂದು ನಿಲಯ ಆಯಿತು. ಹೈಸ್ಕೂಲು ಕಟ್ಟುವುದಕ್ಕಿಂತ ಮೊದಲು ಅನ್ನ ಬೇಯಿಸಬೇಕು ಎಂಬುದು ಇವರೆಲ್ಲ ಬೇರೆ ಬೇರೆ ದಾರಿಯಲ್ಲಿ ಕಂಡುಕೊಂಡ ಸತ್ಯ.

ಕೊಲ್ಹಾಪುರದ ಜಾತಿವಾರು ಬೋರ್ಡಿಂಗುಗಳನ್ನು ಇಂದು ತಪ್ಪೆಂದು ತಳ್ಳಿಹಾಕುವುದು ಸುಲಭ. ಆದರೆ ಅವಿಲ್ಲದಿದ್ದರೆ ಭಾವೂರಾವ್ ಕೊಲ್ಹಾಪುರದಲ್ಲಿ ಓದಲು ನಿಲ್ಲುವುದೇ ಕಷ್ಟವಿತ್ತು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಹುಡುಗರಿಗಂತೂ ಬೇರೆ ಜಾಗವೇ ಇರಲಿಲ್ಲ. ಗೋಡೆ ಕಟ್ಟಿದ ನಿಲಯವೇ ಗೋಡೆ ದಾಟುವ ಹುಡುಗನನ್ನೂ ಸಾಕಿತು. ಅವನನ್ನು ಹೊರಗೆ ಹಾಕಿದವರನ್ನೂ ಒಳಗೆ ಕರೆದುಕೊಂಡವರನ್ನೂ ಒಂದೇ ಊರಿನಲ್ಲಿ ಕಾಣಬಹುದು ಎಂಬುದೇ ಆ ಕಾಲದ ಕೊಲ್ಹಾಪುರದ ವಿಶೇಷ.

1959ರಲ್ಲಿ ಪುಣೆ ವಿಶ್ವವಿದ್ಯಾಲಯ ಹೈಸ್ಕೂಲು ಮುಗಿಸದ ಭಾವೂರಾವರಿಗೆ ಗೌರವ ಡಿ.ಲಿಟ್. ನೀಡಿತು. ಅದೇ ವರ್ಷ ಮೇ 9ರಂದು ಅವರು ತೀರಿಕೊಂಡರು. ರಯತ ಸಂಸ್ಥೆಯ ಲಾಂಛನ ಆಲದ ಮರ. ಬಿಳಲುಗಳು ಇಳಿದು ನೆಲ ಹಿಡಿದರೆ ಅವೇ ಕಾಂಡವಾಗುತ್ತವೆ. ಇಂದಿಗೂ ಮಕ್ಕಳನ್ನು ದೂರದ ಊರಿನ ಹಾಸ್ಟೆಲಿಗೆ ಸೇರಿಸುವಾಗ ತಂದೆತಾಯಿ ಕೇಳುವುದು ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು. ಮುಚ್ಚಿದ ಗೇಟಿನ ಒಳಗೆ ಮಗು ಯಾರ ಪಕ್ಕದಲ್ಲಿ ಕೂತು ಉಣ್ಣುತ್ತದೆ ಎಂಬುದನ್ನೂ ಕೇಳಬೇಕಾದ ಪ್ರಶ್ನೆ ಮಾಡಿದವರು ಸಾತಾರದ ಆ ಗಂಡಹೆಂಡತಿ.