ಜೀವನಾಂಶ, ಮಕ್ಕಳ ಸುಪರ್ದು ಮತ್ತು ಕೃಷಿ ಕುಟುಂಬ: ಸಿಂಧನೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶವು ಕೌಟುಂಬಿಕ ಕಾನೂನಿನ ಇತಿಹಾಸದ ಅಧ್ಯಯನಕ್ಕೆ ವಿಶಿಷ್ಟವಾದ ನೆಲೆಯಾಗಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದರು. ಅನಂತರ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ನಿರಾಶ್ರಿತರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಈ ವಸತಿಗಳೇ ಆರ್.ಎಚ್. ಕ್ಯಾಂಪ್‌ಗಳೆಂದು ಪ್ರಸಿದ್ಧವಾಗಿವೆ. ದಾಂಪತ್ಯ ಮುರಿದಾಗ ಪತ್ನಿ ಹಾಗೂ ಮಕ್ಕಳ ಪೋಷಣೆಯನ್ನು ನ್ಯಾಯಾಲಯಗಳು ನಿರ್ಧರಿಸುವ ಕ್ರಮವು ಹೇಗೆ ರೂಪುಗೊಂಡಿತು, ಮತ್ತು ಭೂಮಿಯನ್ನೇ ಆಶ್ರಯಿಸಿದ ಕುಟುಂಬಗಳ ಮಟ್ಟಿಗೆ ಅದರ ತೊಡಕು ಎಲ್ಲಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಏಕೀಕರಣಪೂರ್ವದ ಸ್ಥಿತಿ

1956ಕ್ಕೆ ಮೊದಲು ಕನ್ನಡ ನಾಡಿನ ಹಿಂದೂ ಸ್ತ್ರೀಗೆ ಒಂದೇ ಕಾನೂನು ಇರಲಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಜಾರಿಗೆ ತಂದಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳಿಗೆ 1947ರ ಹಿಂದೂ ವಿಚ್ಛೇದನ ಶಾಸನವೂ, ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಿಗೆ 1949ರ ದ್ವಿಪತ್ನೀತ್ವ ನಿಷೇಧ ಮತ್ತು ವಿಚ್ಛೇದನ ಶಾಸನವೂ ದೊರೆತವು. ಈ ಯಾವ ಶಾಸನವೂ ರಾಯಚೂರಿಗೆ ಅನ್ವಯಿಸುತ್ತಿರಲಿಲ್ಲ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಪಂಚರ ಸಮ್ಮುಖದ ಸೋಡಚೀಟಿ ಮತ್ತು ಉಡಿಕೆಯ ಪದ್ಧತಿಗಳು ರೂಢಿಯಲ್ಲಿದ್ದವು. 1955ರ ಹಿಂದೂ ವಿವಾಹ ಕಾಯ್ದೆಯು ರೂಢಿಗತ ವಿಚ್ಛೇದನವನ್ನು 29ನೆಯ ಕಲಮಿನಲ್ಲಿ ಉಳಿಸಿಕೊಂಡಿತು. ಆದರೆ ಅಂತಹ ರೂಢಿಯನ್ನು ಸಾಕ್ಷ್ಯದಿಂದ ಸಿದ್ಧಪಡಿಸುವ ಹೊಣೆ ಅದನ್ನು ಅವಲಂಬಿಸುವವರ ಮೇಲೆಯೇ ಇದೆ.

ಕ್ಯಾಂಪ್‌ಗಳ ನಿವಾಸಿಗಳಿಗೆ ಈ ಬದಲಾವಣೆ ಇನ್ನೂ ದೊಡ್ಡದು. ಅವರು ಬಿಟ್ಟುಬಂದ ಪೂರ್ವ ಬಂಗಾಳದಲ್ಲಿ ಹಿಂದೂ ಸ್ತ್ರೀಗೆ 1946ರ ಶಾಸನದಂತೆ ಪ್ರತ್ಯೇಕ ವಾಸ ಮತ್ತು ಜೀವನಾಂಶದ ಹಕ್ಕು ಮಾತ್ರ ಇದ್ದಿತು. ಶಾಸನಬದ್ಧ ವಿಚ್ಛೇದನ ಇರಲಿಲ್ಲ. ಭಾರತದಲ್ಲಿ ನೆಲೆಸಿದೊಡನೆ ಅವರು 1955ರ ಕಾಯ್ದೆಯ ವ್ಯಾಪ್ತಿಗೆ ಬಂದರು. ಈ ಕಾಯ್ದೆಯು ಪೌರತ್ವವನ್ನಲ್ಲ, ಖಾಯಂ ನೆಲೆಯನ್ನು ಆಧಾರವಾಗಿ ಸ್ವೀಕರಿಸುತ್ತದೆ. ಪೌರತ್ವದ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದ ಕುಟುಂಬಗಳ ದೃಷ್ಟಿಯಿಂದ ಈ ಅಂಶವು ಗಮನಾರ್ಹವಾದುದು.

ಮೊತ್ತದ ಇತಿಹಾಸ

ವಿಚ್ಛೇದನದ ಮೊಕದ್ದಮೆಗಿಂತ ಹೆಚ್ಚಾಗಿ ಬಡ ಸ್ತ್ರೀಯರು ಆಶ್ರಯಿಸಿದ್ದು ದಂಡ ಪ್ರಕ್ರಿಯಾ ಸಂಹಿತೆಯನ್ನು. 1898ರ ಸಂಹಿತೆಯ 488ನೆಯ ಕಲಮು ತಿಂಗಳಿಗೆ ಗರಿಷ್ಠ 50 ರೂಪಾಯಿಗಳ ಮಿತಿ ವಿಧಿಸಿತ್ತು. ಅದು 1923ರಲ್ಲಿ 100, 1955ರಲ್ಲಿ 500 ರೂಪಾಯಿಗಳಿಗೆ ಏರಿತು. 1973ರ ಸಂಹಿತೆಯ 125ನೆಯ ಕಲಮು ವಿಚ್ಛೇದಿತ ಪತ್ನಿಯನ್ನೂ ಒಳಗೊಂಡಿತಾದರೂ ಮಿತಿಯನ್ನು 500ರಲ್ಲಿಯೇ ಇರಿಸಿತು. 2001ರ ತಿದ್ದುಪಡಿಯು ಕೇಂದ್ರ ಸಂಹಿತೆಯಲ್ಲಿದ್ದ ಈ ಮಿತಿಯನ್ನು ತೆಗೆದುಹಾಕಿ, ಮಧ್ಯಂತರ ಜೀವನಾಂಶಕ್ಕೂ ಅವಕಾಶ ಕಲ್ಪಿಸಿತು. 2024ರ ಜುಲೈ 1ರಿಂದ ಈ ವಿಧಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಮತಭೇದವಿಲ್ಲದೆ ಅನ್ವಯಿಸುವ ವಿಧಿ ಇದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 1985ರ ಶಾ ಬಾನೊ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಸ್ತ್ರೀಯು ತನ್ನನ್ನು ತಾನು ಪೋಷಿಸಿಕೊಳ್ಳಲು ಅಸಮರ್ಥಳೆಂದರೆ ಆಕೆ ಸಂಪೂರ್ಣ ನಿರ್ಗತಿಕಳಾಗಿರಬೇಕೆಂದಲ್ಲ ಎಂದು 2008ರ ಚತುರ್ಭುಜ್ ಪ್ರಕರಣದಲ್ಲಿ ಹೇಳಲಾಯಿತು. ಬಾಕಿಗಾಗಿ ಪತಿಯು ಸೆರೆವಾಸ ಅನುಭವಿಸಿದರೂ ಬಾಕಿ ತೀರುವುದಿಲ್ಲ ಎಂಬುದು 1989ರ ಕುಲದೀಪ್ ಕೌರ್ ತೀರ್ಪಿನ ಸಾರ.

ಭೂಮಿ ಮತ್ತು ಆದಾಯದ ಪ್ರಶ್ನೆ

ಹಿಂದೂ ವಿವಾಹ ಕಾಯ್ದೆಯ 24ನೆಯ ಕಲಮು ವ್ಯಾಜ್ಯಕಾಲದ ಜೀವನಾಂಶಕ್ಕೂ, 25ನೆಯದು ಕಾಯಂ ಜೀವನಾಂಶಕ್ಕೂ ಸಂಬಂಧಿಸಿದೆ. ಇಬ್ಬರ ಆದಾಯ, ಆಸ್ತಿ, ನಡತೆ ಹಾಗೂ ಪ್ರಕರಣದ ಇತರ ಸಂದರ್ಭಗಳನ್ನು ನ್ಯಾಯಾಲಯವು ನೋಡಬೇಕು. ಸಂಬಳದಾರನ ವಿಷಯದಲ್ಲಿ ವೇತನಚೀಟಿಯೇ ಆಧಾರ. ಭತ್ತ ಬೆಳೆಯುವ ರೈತನಿಗೆ ಅಂತಹ ಚೀಟಿ ಇರುವುದಿಲ್ಲ. ಪಹಣಿಯು ಹಿಡುವಳಿದಾರನನ್ನೂ ಬೆಳೆಯನ್ನೂ ತಿಳಿಸುತ್ತದೆಯೇ ಹೊರತು ಕಾಲುವೆಯ ಕೊನೆಯ ಭಾಗಕ್ಕೆ ಆ ವರ್ಷ ನೀರು ತಲುಪಿತೇ, ಗುತ್ತಿಗೆಗೆ ಎಷ್ಟು ಸಂದಿತು, ಕೈಸಾಲ ಎಷ್ಟು ಎಂಬುದನ್ನು ತಿಳಿಸುವುದಿಲ್ಲ.

ಇದಕ್ಕಿಂತ ಮುಖ್ಯವಾದ ತೊಡಕು ಒಡೆತನದ್ದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ನೀಡುವ ಮಿತಾಕ್ಷರವನ್ನು ವಿಜ್ಞಾನೇಶ್ವರನು ರಚಿಸಿದ್ದು ಚಾಲುಕ್ಯರ ಕಲ್ಯಾಣದಲ್ಲಿ. ಬಂಗಾಳಿ ಕುಟುಂಬಗಳು ತಂದ ಜೀಮೂತವಾಹನನ ದಾಯಭಾಗದಲ್ಲಿ ತಂದೆ ಬದುಕಿರುವವರೆಗೆ ಮಗನಿಗೆ ಪಾಲಿಲ್ಲ. ಸಿಂಧನೂರಿನ ನೆಲದಲ್ಲಿ ಈ ಎರಡೂ ಪರಂಪರೆಗಳು ಸಂಧಿಸಿದವು. ಮಿತಾಕ್ಷರದ ಕುಟುಂಬದಲ್ಲಿ ಸೊಸೆಯು ಪತಿಯ ಅವಿಭಕ್ತ ಪಾಲನ್ನು ತೋರಿಸಬಲ್ಲಳು. ದಾಯಭಾಗದ ಕುಟುಂಬದಲ್ಲಿ, ಅಥವಾ ಮಂಜೂರಾದ ಭೂಮಿಯು ಮಾವನ ಸ್ವಯಾರ್ಜಿತವೆಂದು ಪರಿಗಣಿತವಾದಲ್ಲಿ, ದಿನವಿಡೀ ಆ ಹೊಲದಲ್ಲಿ ದುಡಿದ ಪತಿಯ ಹೆಸರಿನಲ್ಲಿ ಕಾನೂನಿನ ದೃಷ್ಟಿಗೆ ಏನೂ ಇರುವುದಿಲ್ಲ. ಪತಿಯ ಸ್ಥಿರಾಸ್ತಿಯ ಮೇಲೆ ಋಣಭಾರ ವಿಧಿಸಲು 25ನೆಯ ಕಲಮು ಅವಕಾಶ ನೀಡಿದರೂ, ಋಣಭಾರ ವಿಧಿಸಲು ಆಸ್ತಿಯೇ ದೊರೆಯದ ಸ್ಥಿತಿ ಇದು. ನಾಟಿ, ಕಳೆ, ಕೊಯ್ಲುಗಳಲ್ಲಿ ಪತ್ನಿ ಹಾಕಿದ ದುಡಿಮೆಗಂತೂ ಯಾವ ದಾಖಲೆಯೂ ಇಲ್ಲ.

ಈ ಕೊರತೆಗೆ ನ್ಯಾಯಾಲಯಗಳು ಎರಡು ರೀತಿಯಲ್ಲಿ ಉತ್ತರಿಸಿವೆ. ಮೊದಲನೆಯದು, ದುಡಿಯುವ ಸಾಮರ್ಥ್ಯವನ್ನೇ ಆದಾಯದ ಮೂಲವೆಂದು ಗಣಿಸುವುದು. ದೇಹಶ್ರಮದಿಂದಲಾದರೂ ಗಳಿಸಿ ಪತ್ನಿ ಮಕ್ಕಳನ್ನು ಸಾಕುವುದು ಶಕ್ತನಾದ ಪತಿಯ ಕರ್ತವ್ಯವೆಂದು 2022ರ ಅಂಜು ಗರ್ಗ್ ತೀರ್ಪು ಹೇಳಿತು. ಎರಡನೆಯದು, 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ನಿರ್ದೇಶನ. ಉಭಯ ಪಕ್ಷಗಳೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ವಿಧಿಸಿ, ಕೃಷಿಕರಿಗಾಗಿ ಬೇರೆಯೇ ನಮೂನೆಯನ್ನು ಆ ತೀರ್ಪಿಗೆ ಲಗತ್ತಿಸಲಾಯಿತು. ಜೀವನಾಂಶವು ಅರ್ಜಿಯ ದಿನಾಂಕದಿಂದಲೇ ಸಲ್ಲಬೇಕೆಂದೂ ನಿರ್ಧರಿಸಲಾಯಿತು. 1898ರಿಂದ ಲೆಕ್ಕ ಹಾಕಿದರೆ, ರೈತನ ಆದಾಯವು ನೌಕರನದಕ್ಕಿಂತ ಭಿನ್ನವೆಂಬ ಸರಳ ಸಂಗತಿಗೆ ಒಂದು ನಮೂನೆ ದೊರೆಯಲು 122 ವರ್ಷಗಳು ಬೇಕಾದವು.

ಮಕ್ಕಳ ಸುಪರ್ದು

1890ರ ಪಾಲಕರು ಮತ್ತು ಪಾಲಿತರ ಕಾಯ್ದೆ ಹಾಗೂ 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಗಳು ಈ ವಿಷಯದ ಮೂಲಾಧಾರಗಳು. ಎರಡನೆಯ ಕಾಯ್ದೆಯು ತಂದೆಯನ್ನು ಮೊದಲ ಸಹಜ ಪಾಲಕನೆಂದು ಕರೆದರೂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ. ಮಗುವಿನ ಹಿತವೇ ಪರಮವೆಂದು 13ನೆಯ ಕಲಮು ಸಾರುತ್ತದೆ. 1999ರ ಗೀತಾ ಹರಿಹರನ್ ಪ್ರಕರಣದ ತೀರ್ಪು, ತಂದೆ ಬದುಕಿದ್ದರೂ ಮಗುವಿನ ಹೊಣೆಯಿಂದ ದೂರವಿದ್ದಲ್ಲಿ ತಾಯಿಯೇ ಸಹಜ ಪಾಲಕಳಾಗಬಹುದೆಂದು ಸ್ಪಷ್ಟಪಡಿಸಿತು. ಮಕ್ಕಳು ತಂದೆತಾಯಿಗಳ ಸೊತ್ತಲ್ಲ ಎಂಬ ತತ್ತ್ವವನ್ನು 1973ರ ರೋಸಿ ಜೇಕಬ್ ತೀರ್ಪು ಅದಕ್ಕೂ ಮೊದಲೇ ಸ್ಥಾಪಿಸಿತ್ತು. ಹೆಚ್ಚು ಆಸ್ತಿಯುಳ್ಳವರಿಗೇ ಮಗು ಸಲ್ಲಬೇಕೆಂಬ ವಾದಕ್ಕೆ ಇಲ್ಲಿ ಸ್ಥಾನವಿಲ್ಲ. ಮಗು ತಾಯಿಯೊಂದಿಗಿದ್ದರೂ ತಂದೆಯ ಪೋಷಣೆಯ ಹೊಣೆ ತಪ್ಪುವುದಿಲ್ಲ.

ಉಪಸಂಹಾರ

ಕಲಬುರಗಿಯಲ್ಲಿ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ, 2013ರಲ್ಲಿ ಖಾಯಂ ಪೀಠವೂ ಆರಂಭವಾದ ಮೇಲೆ ಮೇಲ್ಮನವಿಗಾಗಿ ಈ ಭಾಗದ ಸ್ತ್ರೀಯರು ಬೆಂಗಳೂರಿನವರೆಗೆ ಹೋಗುವ ಕಷ್ಟ ತಪ್ಪಿತು. ಒಟ್ಟಿನಲ್ಲಿ, ಹಕ್ಕಿನ ವಿಸ್ತಾರದಲ್ಲಿ ಶಾಸನವು ಬಹುದೂರ ಸಾಗಿಬಂದಿದೆ. ಆದರೆ ಹಕ್ಕು ಕೈಗೂಡುವುದು ಪುರಾವೆಯಿಂದ. ಕೃಷಿ ಕುಟುಂಬದಲ್ಲಿ ಪುರಾವೆಯು ಭೂದಾಖಲೆಯಲ್ಲಿದೆ. ಆ ದಾಖಲೆಯಲ್ಲಿ ಸ್ತ್ರೀಯ ಹೆಸರು ವಿರಳ. ಆದ್ದರಿಂದ ಜೀವನಾಂಶದ ಇತಿಹಾಸವನ್ನು ಭೂಹಂಚಿಕೆಯ ಇತಿಹಾಸದಿಂದ ಬೇರ್ಪಡಿಸಿ ಓದಲಾಗದು. ಪುನರ್ವಸತಿಯ ಭೂಮಿಯನ್ನು ದಂಪತಿಗಳ ಜಂಟಿ ಹೆಸರಿನಲ್ಲಿ ನೀಡುವುದೂ ಕೂಡ ಕೌಟುಂಬಿಕ ನ್ಯಾಯದ ಒಂದು ಭಾಗವೆಂಬುದನ್ನು ಸಿಂಧನೂರು ಸೀಮೆಯ ನಿದರ್ಶನವು ತೋರಿಸಿಕೊಡುತ್ತದೆ.